ಸೆರಗಿನೊಳಗಿನ ಲೆಕ್ಕ

ಕಸೂತಿ ಹಾಕಿದ ಸೀರೆಯನ್ನು ನೋಡುವ ಕ್ರಮವೇ ಬೇರೆ. ಉಳಿದ ಬಟ್ಟೆಯನ್ನು ನಾವು ಮೇಲುಬದಿಯಿಂದ ನೋಡಿ ಮೆಚ್ಚಿ ಮಡಚಿಡುತ್ತೇವೆ. ಕಸೂತಿ ಬಲ್ಲ ಹಿರಿಯ ಹೆಂಗಸರು ಮಾತ್ರ ಸೀರೆ ಕೈಗೆ ಬಂದ ಕೂಡಲೇ ಅದನ್ನು ಮಗುಚಿ ಹಿಂಬದಿ ನೋಡುತ್ತಾರೆ. ಅಲ್ಲಿ ಗಂಟು ಕಂಡಿತೋ, ದಾರ ಒಂದು ಹೂವಿನಿಂದ ಇನ್ನೊಂದಕ್ಕೆ ಅಡ್ಡಾದಿಡ್ಡಿ ಹಾರಿತ್ತೋ, ಕೆಲಸ ಅಲ್ಲಿಗೇ ಅನುತ್ತೀರ್ಣ. ಮೇಲೆ ಎಷ್ಟು ಚೆಂದವೋ ಕೆಳಗೂ ಅಷ್ಟೇ ಚೆಂದವಾಗಿರಬೇಕು. ಸೀರೆಯ ಸೆರಗು ಗಾಳಿಗೆ ಹಾರುವ, ತಿರುಗುವ ವಸ್ತು. ಅದರ ಹಿಂಬದಿಯೂ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ.

ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಓದುಗರಿಗೆ ಇದು ಹೊಸ ಸಂಗತಿಯೇನಲ್ಲ. ಅವರ ಮನೆಯ ಪೆಟ್ಟಿಗೆಗಳಲ್ಲಿ ಅಜ್ಜಿಯ ಕಾಲದ ಒಂದಾದರೂ ಕಸೂತಿ ಸೀರೆ ಇದ್ದೀತು. ಹೊಸ ಸಂಗತಿ ಇರುವುದು ಬೇರೆ ಕಡೆ. ಹಿಂಬದಿಯೂ ಮುಂಬದಿಯಂತೆ ಕಾಣುವ ಹಾಗೆ, ಎಲ್ಲೂ ಗಂಟು ಹಾಕದೆ, ದಾರ ಹರಿಯದೆ ಒಂದು ಗೋಪುರವನ್ನೋ ಪಲ್ಲಕ್ಕಿಯನ್ನೋ ಹೊಲಿದು ಮುಗಿಸಿ ಹೊರಟ ಜಾಗಕ್ಕೇ ಬಂದು ನಿಲ್ಲುವುದು ಒಂದು ಗಣಿತದ ಸಮಸ್ಯೆ. ಅದೂ ಸಣ್ಣ ಸಮಸ್ಯೆಯಲ್ಲ. “ನನಗೆ ಲೆಕ್ಕ ತಲೆಗೆ ಹತ್ತುವುದಿಲ್ಲ” ಎಂದು ಪುಸ್ತಕ ಮುಚ್ಚಿಡುವ ಮಕ್ಕಳೂ, “ನಮ್ಮ ಮನೆತನಕ್ಕೇ ಲೆಕ್ಕ ಬರುವುದಿಲ್ಲ” ಎಂದು ಅದಕ್ಕೆ ಒಗ್ಗರಣೆ ಹಾಕುವ ತಾಯಿತಂದೆಯರೂ ಈ ವಾರ ಸ್ವಲ್ಪ ಹೊತ್ತು ಪೆಟ್ಟಿಗೆ ತೆರೆದು ಆ ಸೀರೆ ಹೊರತೆಗೆಯಬೇಕೆಂದು ನನ್ನ ಕೋರಿಕೆ.

ಕಸೂತಿ ಎಂಬ ಹೆಸರನ್ನು ‘ಕೈ’ ಮತ್ತು ‘ಸೂತಿ’ ಸೇರಿ ಆದದ್ದೆಂದು ಸಾಮಾನ್ಯವಾಗಿ ಬಿಡಿಸಿ ಹೇಳುತ್ತಾರೆ. ಕೈಯಿಂದ ಮಾಡಿದ ನೂಲಿನ ಕೆಲಸ ಎಂದು ಅರ್ಥ. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗೆರೆಗಳಿಂದಲೇ ಚಿತ್ರ ಮೂಡಿಸುವುದು ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವುದು ಮುರ್ಗಿ. ಮಗ್ಗದ ನೇಯ್ಗೆಯಂತೆ ಕಾಣುವ ಉದ್ದ ಗಿಡ್ಡ ಹೊಲಿಗೆ ನೇಗಿ. ಮೆಂತೆ ಕಾಳು ಹರವಿದಂತೆ ಅಡ್ಡಡ್ಡ ಹಾಕಿ ತುಂಬುವುದು ಮೆಂತಿ. ಸಾಂಪ್ರದಾಯಿಕ ಕೆಲಸದಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯಿಲ್ಲ, ಅಚ್ಚಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಸೂಜಿ ಇಳಿಸಬೇಕು. ಗೋಪುರ, ರಥ, ತುಳಸಿ ಬೃಂದಾವನ, ಅಂಬಾರಿ ಆನೆ, ನವಿಲು, ತೊಟ್ಟಿಲು ಎಲ್ಲವೂ ಎಣಿಕೆಯಿಂದಲೇ ಹುಟ್ಟಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ.

ಮಕ್ಕಳೇ, ಗವಂತಿಯ ಗುಟ್ಟನ್ನು ಮೊದಲು ಒಂದು ಸರಳ ಗೆರೆಯಲ್ಲಿ ನೋಡೋಣ. ಚೌಕಳಿ ಹಾಳೆಯ ಮೇಲೆ ಐದು ಮನೆ ಉದ್ದದ ಗೆರೆ ಎಳೆಯಿರಿ. ಸೂಜಿ ಎಡತುದಿಯಿಂದ ಹೊರಟಿತು. ಒಂದನೆಯ ಮನೆಯಲ್ಲಿ ದಾರ ಬಟ್ಟೆಯ ಮೇಲೆ, ಎರಡನೆಯದರಲ್ಲಿ ಕೆಳಗೆ, ಮೂರರಲ್ಲಿ ಮೇಲೆ, ನಾಲ್ಕರಲ್ಲಿ ಕೆಳಗೆ, ಐದರಲ್ಲಿ ಮೇಲೆ. ಈಗ ಮೇಲುಬದಿಯಲ್ಲಿ ಕಾಣುವುದು ಬಿಟ್ಟು ಬಿಟ್ಟು ಹಾಕಿದ ಮೂರು ತುಂಡು. ಇಲ್ಲಿಂದ ಸೂಜಿ ಹಿಂದಿರುಗುತ್ತದೆ. ಐದರಲ್ಲಿ ಕೆಳಗೆ, ನಾಲ್ಕರಲ್ಲಿ ಮೇಲೆ, ಮೂರರಲ್ಲಿ ಕೆಳಗೆ, ಎರಡರಲ್ಲಿ ಮೇಲೆ, ಒಂದರಲ್ಲಿ ಕೆಳಗೆ. ಹೋಗುವಾಗ ಬಿಟ್ಟ ಜಾಗವೆಲ್ಲ ಬರುವಾಗ ತುಂಬಿತು. ಮೇಲೆ ಐದು ಹೊಲಿಗೆ, ಕೆಳಗೆ ಐದು ಹೊಲಿಗೆ. ಎರಡೂ ಬದಿಯಲ್ಲಿ ಒಂದೇ ಗೆರೆ. ಸೂಜಿ ಹೊರಟ ಜಾಗಕ್ಕೇ ಬಂದು ನಿಂತಿದೆ.

ಇದು ಬರೀ ಗೆರೆಯ ಮಾತಾಯಿತು. ಗೋಪುರ ಬರೀ ಗೆರೆಯಲ್ಲವಲ್ಲ? ಅದರಲ್ಲಿ ಕವಲಿವೆ, ಕೋಣೆಗಳಿವೆ, ಕಳಸವಿದೆ. ಹಾಗಾದರೆ ಎಂಥ ಚಿತ್ರವಾದರೂ ಹೀಗೆ ಒಂದೇ ದಾರದಲ್ಲಿ ಎರಡೂ ಬದಿ ತುಂಬುವಂತೆ ಹೊಲಿಯಲು ಸಾಧ್ಯವೇ?

ಇಲ್ಲಿ ನಾವು ಸೀರೆ ಬಿಟ್ಟು ಸ್ವಲ್ಪ ಹೊತ್ತು ಯೂರೋಪಿಗೆ ಹೋಗಬೇಕು. ಕೋನಿಗ್ಸ್‌ಬರ್ಗ್ ಎಂಬ ಪಟ್ಟಣವಿತ್ತು. ಇಂದು ಅದು ರಷ್ಯಾದ ಕಲಿನಿನ್‌ಗ್ರಾಡ್. ಊರೊಳಗೆ ಹರಿಯುವ ಹೊಳೆ ನೆಲವನ್ನು ನಾಲ್ಕು ಭಾಗ ಮಾಡಿತ್ತು. ಅವುಗಳ ನಡುವೆ 7 ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಇಡೀ ಊರು ಸುತ್ತಿ ಬರಲು ಸಾಧ್ಯವೇ ಎಂಬುದು ಅಲ್ಲಿಯ ಜನರ ಒಗಟು. ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ 1736ರಲ್ಲಿ ಇದಕ್ಕೆ ಉತ್ತರ ಕೊಟ್ಟ: ಸಾಧ್ಯವಿಲ್ಲ. ಆತನ ಕಾರಣ ತುಂಬ ಸರಳ. ನಡುದಾರಿಯ ಯಾವ ಭಾಗಕ್ಕಾದರೂ ನೀವು ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೊರಡಬೇಕು. ಎಂದರೆ ಸೇತುವೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಹೊರಟಲ್ಲಿಗೇ ಮರಳಬೇಕಾದರೆ ಪ್ರತಿಯೊಂದು ಭಾಗಕ್ಕೂ ಸಮಸಂಖ್ಯೆಯ ಸೇತುವೆಗಳಿರಬೇಕು. ಹೊರಟಲ್ಲಿಗೆ ಮರಳದಿದ್ದರೂ ಚಿಂತೆಯಿಲ್ಲ ಎಂದರೆ ಎರಡು ಭಾಗಗಳಿಗೆ ಮಾತ್ರ ಬೆಸ ಸಂಖ್ಯೆಯ ರಿಯಾಯಿತಿ ಉಂಟು. ಕೋನಿಗ್ಸ್‌ಬರ್ಗಿನ ನಾಲ್ಕೂ ಭಾಗಗಳಿಗೆ ಇದ್ದದ್ದು ಬೆಸ ಸಂಖ್ಯೆಯ ಸೇತುವೆಗಳು. ಒಂದಕ್ಕೆ 5, ಉಳಿದ ಮೂರಕ್ಕೆ ಮೂರು ಮೂರು. ಈ ಚಿಕ್ಕ ಒಗಟಿನಿಂದ ಗಣಿತದ ಒಂದು ದೊಡ್ಡ ಶಾಖೆಯೇ ಬೆಳೆಯಿತು. ಇಂದು ಟೆಲಿಫೋನ್ ಜಾಲ, ಬಸ್ಸಿನ ಮಾರ್ಗ, ಕಂಪ್ಯೂಟರಿನ ಒಳವ್ಯವಸ್ಥೆ ಎಲ್ಲದರ ಲೆಕ್ಕಾಚಾರದಲ್ಲೂ ಅದರ ಪಾಲಿದೆ.

ಈಗ ಮರಳಿ ಸೀರೆಗೆ ಬನ್ನಿ. ಕೋನಿಗ್ಸ್‌ಬರ್ಗಿನ ಜನರಿಗೆ ಪ್ರತಿ ಸೇತುವೆಯನ್ನೂ ಎರಡೆರಡು ಸಲ ದಾಟಬಹುದು ಎಂದು ಹೇಳಿದ್ದರೆ? ಆಗ ಎಲ್ಲ ಸಂಖ್ಯೆಗಳೂ ದುಪ್ಪಟ್ಟಾಗುತ್ತವೆ. ದುಪ್ಪಟ್ಟಾದದ್ದು ಸಮಸಂಖ್ಯೆಯೇ. ಸಮಸ್ಯೆ ಮಾಯ. ಗವಂತಿಯಲ್ಲಿ ನಡೆಯುವುದು ಇದೇ. ಅಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ, ಒಮ್ಮೆ ಮೇಲುಬದಿಯಲ್ಲಿ, ಒಮ್ಮೆ ಕೆಳಬದಿಯಲ್ಲಿ. ಆದ್ದರಿಂದ ಚಿತ್ರ ಎಷ್ಟೇ ಜಟಿಲವಾಗಿರಲಿ, ಅದು ಒಂದಕ್ಕೊಂದು ಅಂಟಿಕೊಂಡ ಚಿತ್ರವಾಗಿದ್ದರೆ ಸಾಕು, ಒಂದೇ ದಾರದಲ್ಲಿ ಮುಗಿದು ಹೊರಟಲ್ಲಿಗೆ ಮರಳುತ್ತದೆ.

ಆದರೆ ಮೇಲೆ–ಕೆಳಗೆ ಎಂಬ ಸರದಿ ಕವಲಿನಲ್ಲಿ ಕೆಡುವುದಿಲ್ಲವೇ ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಕೇಳಲೇಬೇಕು. ಉತ್ತರ ಇಷ್ಟೇ. ಮುಖ್ಯ ಗೆರೆಯಲ್ಲಿ ಹೋಗುತ್ತಾ ಕವಲು ಸಿಕ್ಕಿತು ಎನ್ನಿ. ಕವಲಿನ ತುದಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಕವಲಿನ ಬುಡಕ್ಕೆ ಹಿಂದಿರುಗಬೇಕು. ಕವಲು ಎರಡು ಮನೆ ಉದ್ದವಿದ್ದರೆ ಹೋಗಿ ಬರಲು ನಾಲ್ಕು ಹೊಲಿಗೆ. ಮೂರು ಮನೆಯಿದ್ದರೆ ಆರು. ಎಷ್ಟೇ ಇರಲಿ, ಹೋಗಿ ಬಂದದ್ದರ ಮೊತ್ತ ಸಮಸಂಖ್ಯೆ. ಹಾಗಾಗಿ ಬುಡಕ್ಕೆ ಬಂದಾಗ ಮೇಲಿನ ಸರದಿ ಮೇಲೇ, ಕೆಳಗಿನ ಸರದಿ ಕೆಳಗೇ ಉಳಿದಿರುತ್ತದೆ. ಕವಲು ಮುಗಿಸಿ ಏನೂ ಆಗದವರಂತೆ ಮುಂದೆ ಸಾಗಬಹುದು. ಮುಚ್ಚಿದ ಚೌಕ ಬಂದರೂ ಚಿಂತೆಯಿಲ್ಲ. ಸುತ್ತು ಹಾಕಿ ಹಳೆಯ ತೂತಿಗೆ ಬಂದೊಡನೆ ಹಿಂದಿರುಗಿದರಾಯಿತು. ಹೋಗುವಾಗ ಮರೆತ ಕವಲನ್ನು ಬರುವಾಗ ಹಿಡಿಯಬಹುದು. ಎರಡು ಸಲವೂ ಮರೆತರೆ ಮಾತ್ರ ಹೊಸ ದಾರವೇ ಗತಿ, ಆಗ ಹಿಂಬದಿಯಲ್ಲಿ ಅದರ ಬಾಲ ಕಾಣುತ್ತದೆ. ಅಜ್ಜಿ ಸೀರೆ ಮಗುಚಿ ಹುಡುಕುವುದು ಈ ಬಾಲವನ್ನೇ!

ಓದುಬರಹ ಕಲಿಯದ ಎಷ್ಟೋ ಹೆಂಗಸರು ಕಾಗದ ಪೆನ್ಸಿಲುಗಳ ಹಂಗಿಲ್ಲದೆ, ಅಡುಗೆ ಮುಗಿಸಿ ಪಡಸಾಲೆಯಲ್ಲಿ ಕೂತು, ಈ ದಾರಿಯನ್ನು ಮನಸ್ಸಿನಲ್ಲೇ ಗುರುತಿಸಿಕೊಂಡು ಹೊಲಿದರು. ಅವರಿಗೆ ಆಯ್ಲರನ ಸಿದ್ಧಾಂತ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಇಬ್ಬರಿಗೂ ಅನ್ಯಾಯ. ಒಂದು ಮಾತು ಎಲ್ಲ ಚಿತ್ರಗಳಿಗೂ ಸಲ್ಲುತ್ತದೆ ಎಂದು ಕಾರಣ ಸಹಿತ ತೋರಿಸುವುದು ಸಿದ್ಧಾಂತ. ಎದುರಿಗಿರುವ ಈ ಒಂದು ಗೋಪುರಕ್ಕೆ ದಾರಿ ಕಂಡುಹಿಡಿಯುವುದು ಕೈಯ ಬುದ್ಧಿ. ಎರಡೂ ಬೇರೆ ಬೇರೆ, ಆದರೆ ಎರಡೂ ಬುದ್ಧಿಯೇ. ನಮ್ಮ ಶಾಲೆಗಳು ಮೊದಲನೆಯದಕ್ಕೆ ಅಂಕ ಕೊಡುತ್ತವೆ. ಎರಡನೆಯದಕ್ಕೆ ‘ಹೆಂಗಸರ ಹೊತ್ತುಗಳೆಯುವ ಕೆಲಸ’ ಎಂದು ಹೆಸರಿಟ್ಟುಬಿಟ್ಟಿದ್ದೇವೆ.

ಗವಂತಿಯಲ್ಲಿ ಇನ್ನೂ ಒಂದೆರಡು ಪಾಠಗಳಿವೆ. ಇದರ ಗೆರೆಗಳು ಅಡ್ಡ, ಉದ್ದ, ಇಲ್ಲವೇ ಮೂಲೆಯಿಂದ ಮೂಲೆಗೆ. ದುಂಡನೆಯ ಗೆರೆಯೇ ಇಲ್ಲ. ಆದ್ದರಿಂದ ಕಸೂತಿಯ ನವಿಲಿನ ಎದೆ ಕೋನಕೋನವಾಗಿ ಕಾಣುತ್ತದೆ. ಕಂಪ್ಯೂಟರಿನ ಪರದೆಯ ಚಿತ್ರವನ್ನು ತೀರ ದೊಡ್ಡದು ಮಾಡಿದಾಗ ಕಾಣುವ ಮೆಟ್ಟಿಲುಗಳನ್ನು ನೆನಪಿಸಿಕೊಳ್ಳಿ. ಎರಡೂ ಕಡೆ ಕಾರಣ ಒಂದೇ, ಚೌಕಳಿಯ ಮೇಲೆ ಚಿತ್ರ ಬಿಡಿಸುವ ಕಟ್ಟುಪಾಡು. ಮೂಲೆಯಿಂದ ಮೂಲೆಗೆ ಹಾಕಿದ ಹೊಲಿಗೆಗೆ ನೇರ ಹೊಲಿಗೆಗಿಂತ ಹೆಚ್ಚು ದಾರ ಬೇಕು. ಎಷ್ಟು ಹೆಚ್ಚು? ಪೈಥಾಗೊರಸ್ ಪ್ರಮೇಯ ಓದಿದ ಮಕ್ಕಳು ಹೇಳಲಿ. ನೇರ ಹೊಲಿಗೆ 1 ಆದರೆ ಓರೆ ಹೊಲಿಗೆ ಸುಮಾರು 1.414. ಇನ್ನು ಅಂಚಿನ ಸಾಲು ನೋಡಿ. ಒಂದೇ ಚಿತ್ರ ಸರಿಯುತ್ತಾ ಹೋಗಬಹುದು, ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಲ್ಲಬಹುದು, ತಲೆಕೆಳಗಾಗಬಹುದು. ಹೀಗೆ ಒಂದು ಸಾಲಿನಲ್ಲಿ ವಿನ್ಯಾಸ ಮರುಕಳಿಸುವ ಕ್ರಮಗಳು ಒಟ್ಟು 7 ಮಾತ್ರ, ಎಂಟನೆಯದು ಇಲ್ಲ ಎಂದು ಗಣಿತಜ್ಞರು ಸಾಧಿಸಿದ್ದಾರೆ. ನಿಮ್ಮ ಮನೆಯ ಸೀರೆಗಳ ಅಂಚಿನಲ್ಲಿ, ಬಾಗಿಲ ಮುಂದಿನ ರಂಗೋಲಿಯಲ್ಲಿ, ಕಿಟಕಿಯ ಕಬ್ಬಿಣದ ಸರಳಿನಲ್ಲಿ ಈ ಏಳರಲ್ಲಿ ಎಷ್ಟು ಸಿಗುತ್ತವೆ ಎಂದು ಎಣಿಸಿ ನೋಡಿ.

ವಿನ್ಯಾಸದ ಮಾತಾಯಿತು, ಬಣ್ಣದ ಮಾತು ಬಾಕಿ ಇದೆ. ಅದಕ್ಕೆ ಇಳಕಲ್ ಸೀರೆಗಿಂತ ಒಳ್ಳೆಯ ಪಾಠಪುಸ್ತಕ ಬೇಕಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿಯೊಂದಿಗೆ ಅಡ್ಡಕ್ಕೆ ಓಡುವ ಎಳೆ ಹೊಕ್ಕು. ‘ಹಾಸುಹೊಕ್ಕು’ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅದು ಮಗ್ಗದಿಂದ ಎದ್ದು ಬಂದ ಮಾತೆಂದು ಎಷ್ಟು ಮಕ್ಕಳಿಗೆ ಗೊತ್ತು? ಹಾಸು ಕಪ್ಪು, ಹೊಕ್ಕು ಕೆಂಪು ಆದರೆ ಬಟ್ಟೆ ಕಪ್ಪೂ ಅಲ್ಲ, ಕೆಂಪೂ ಅಲ್ಲ, ಎರಡೂ ಬೆರೆತ ಬಣ್ಣ. ಅಚ್ಚ ಕೆಂಪು ಬೇಕೆಂದರೆ ಹಾಸು ಹೊಕ್ಕು ಎರಡೂ ಕೆಂಪಾಗಿರಬೇಕು.

ಈಗ ನೇಕಾರನ ಇಕ್ಕಟ್ಟು ನೋಡಿ. ಸೀರೆಯ ಮೈ ಕಪ್ಪೋ ಹಸಿರೋ ಇರಬೇಕು, ಸೆರಗು ಮಾತ್ರ ಅಚ್ಚ ಕೆಂಪು ರೇಷ್ಮೆಯಾಗಿರಬೇಕು. ಆದರೆ ಹಾಸು ಸೀರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವ ಎಳೆ. ನಡುವೆ ಬಣ್ಣ ಬದಲಿಸುವುದು ಹೇಗೆ? ಇಳಕಲ್ಲಿನ ನೇಕಾರರು ಕಂಡುಕೊಂಡ ಉಪಾಯಕ್ಕೆ ತೋಪು ತೆನಿ ಎಂದು ಹೆಸರು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ತುದಿಗಳನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಎಳೆಯಲ್ಲ, ಎರಡು ಎಳೆಯಲ್ಲ, ಹಾಸಿನ ಅಷ್ಟೂ ಎಳೆಗಳನ್ನು! ಪ್ರತಿಯೊಂದು ಸೀರೆಗೂ ಈ ಕೊಂಡಿಯ ಕೆಲಸ ಹೊಸದಾಗಿ ಆಗಬೇಕು. ಆಮೇಲೆ ಆ ಕೆಂಪು ಸೆರಗಿನಲ್ಲಿ ಬಿಳಿಯ ಎಳೆಯಿಂದ ಕೋಟೆಯ ತೆನೆ, ಜೋಳದ ತೆನೆ, ಬಾಚಣಿಗೆ, ಗುಡ್ಡದ ಸಾಲು ಮೂಡುತ್ತವೆ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ ಎಂಬ ಹಂಚಿಕೆಯಲ್ಲಿ ಮನೆಯ ಲೆಕ್ಕವೂ ಇದೆ. ದುಬಾರಿ ನೂಲು ಎದ್ದು ಕಾಣುವಲ್ಲಿಗೆ ಮಾತ್ರ ಸಂದಿತು, ಬಿಸಿಲ ನಾಡಿನ ಹೆಂಗಸರ ಮೈಗೆ ತಂಪಾದ ಹತ್ತಿಯೂ ಉಳಿಯಿತು. ಜೊತೆಗೆ ಅದೇ ಜಿಲ್ಲೆಯ ಗುಳೇದಗುಡ್ಡದ ಖಣದ ಕುಬಸ. ಈ ಜೋಡಿ ಉತ್ತರ ಕರ್ನಾಟಕದ ಹೆಂಗಸರ ಗುರುತೇ ಆಯಿತು.

ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಕಸೂತಿ ಯಾಕೆ ಅಷ್ಟು ಹೊಳೆಯುತ್ತದೆ? ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್ 1824ರಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದ ಮುಖ್ಯಸ್ಥನಾದ. ಕಪ್ಪು ಬಣ್ಣ ಸರಿಯಾಗಿ ಕೂತಿಲ್ಲ ಎಂಬ ದೂರು ಅವನ ಮುಂದೆ ಬಂತು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪಿನ ಪಕ್ಕದಲ್ಲಿ ನೇಯ್ದ ಬಣ್ಣಗಳು ಕಣ್ಣನ್ನು ಮೋಸಗೊಳಿಸಿದ್ದವು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದು ಅದರ ನೆರೆಹೊರೆಯ ಬಣ್ಣವನ್ನು ಅವಲಂಬಿಸಿದೆ ಎಂದು ಆತ 1839ರಲ್ಲಿ ಗ್ರಂಥವನ್ನೇ ಬರೆದ. ನೀವೂ ಪರೀಕ್ಷಿಸಬಹುದು. ಒಂದೇ ಕೆಂಪು ಕಾಗದದ ಎರಡು ಚೂರನ್ನು, ಒಂದನ್ನು ಕಪ್ಪು ಬಟ್ಟೆಯ ಮೇಲೂ ಇನ್ನೊಂದನ್ನು ಹಳದಿ ಬಟ್ಟೆಯ ಮೇಲೂ ಇಟ್ಟು ನೋಡಿ. ಕಪ್ಪಿನ ಮೇಲಿನದು ದೀಪದಂತೆ ಉರಿಯುತ್ತದೆ. ಕಪ್ಪು ಸೀರೆಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ದಾರ ಆರಿಸಿದ ಕೈ ಈ ಪರೀಕ್ಷೆಯನ್ನು ಕಣ್ಣಿನಿಂದಲೇ ಮಾಡಿ ಮುಗಿಸಿತ್ತು.

ಬಣ್ಣದ ಹಿಂದೆ ರಸಾಯನ ಶಾಸ್ತ್ರವೂ ಇದೆ. ನೀಲಿ ನೀರಿನಲ್ಲಿ ಕರಗುವುದಿಲ್ಲ. ಹುಳಿಸಿದ ತೊಟ್ಟಿಯಲ್ಲಿ ಅದು ರೂಪ ಬದಲಿಸಿ ಕರಗುತ್ತದೆ. ಅದ್ದಿ ತೆಗೆದ ನೂಲು ಮೊದಲು ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಗಾಳಿ ತಗುಲಿ ಆಮ್ಲಜನಕ ಸೇರಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಮಂಜಿಷ್ಠದ ಕೆಂಪು ಹತ್ತಿಗೆ ನಿಲ್ಲಬೇಕಾದರೆ ಪಟಿಕದ ಹಿಡಿತ ಬೇಕು. ಜರ್ಮನಿಯ ಕಾರ್ಖಾನೆ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ನಮ್ಮ ನೀಲಿ ಬೆಳೆಯ ಕಾಲ ಇಳಿಮುಖವಾಯಿತು. ಇಂದು ಮಗ್ಗಕ್ಕೆ ಬರುವ ಬಣ್ಣದ ನೂಲು ಬಹುತೇಕ ರಾಸಾಯನಿಕ ಬಣ್ಣದ್ದೇ.

ಇಷ್ಟೆಲ್ಲ ವಿದ್ಯೆ ಅಡಗಿರುವ ಈ ಬಟ್ಟೆಗಳ ಇಂದಿನ ಸ್ಥಿತಿಯನ್ನೂ ಹೇಳಬೇಕು. ಇಳಕಲ್ ಸೀರೆ, ಕಸೂತಿ, ಗುಳೇದಗುಡ್ಡ ಖಣ ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. 2015ರಿಂದ ಆಗಸ್ಟ್ 7ನ್ನು ಕೈಮಗ್ಗ ದಿನವೆಂದು ಆಚರಿಸುತ್ತಿದ್ದೇವೆ. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕಸುಬಿನಲ್ಲಿರುವವರು 35 ಲಕ್ಷಕ್ಕೂ ಮೇಲೆ, ಅವರಲ್ಲಿ ಹತ್ತಕ್ಕೆ ಏಳರಷ್ಟು ಹೆಂಗಸರು. ಮಾನ್ಯತೆಯ ಪತ್ರ ಮಾತ್ರ ಊಟಕ್ಕಾಗುವುದಿಲ್ಲ. ವಿದ್ಯುತ್ ಮಗ್ಗ ಕೃತಕ ರೇಷ್ಮೆಯಲ್ಲಿ ಅದೇ ರೂಪದ ಸೀರೆಯನ್ನು ಬೇಗ ಇಳಿಸುತ್ತದೆ, ಯಂತ್ರ ಕಸೂತಿಯನ್ನು ಅಗ್ಗಕ್ಕೆ ಹಾಕಿಕೊಡುತ್ತದೆ, ಅಚ್ಚಿನ ಕಸೂತಿ ಇನ್ನೂ ಅಗ್ಗ. ಅಂಗಡಿಯಲ್ಲಿ ನಿಂತ ನಾವು ಬೆಲೆ ನೋಡುತ್ತೇವೆ, ಹಿಂಬದಿ ನೋಡುವುದಿಲ್ಲ. ಅಗ್ಗದ ಸೀರೆ ಕೊಳ್ಳುವುದು ತಪ್ಪಲ್ಲ. ಎಲ್ಲರ ಕಿಸೆಯೂ ಒಂದೇ ಅಳತೆಯದಲ್ಲ. ಆದರೆ ಕೈಕೆಲಸದ್ದೆಂದು ಹೇಳಿ ಯಂತ್ರದ್ದನ್ನು ಮಾರಿದಾಗ ಗುರುತಿಸಲಾರದಷ್ಟು ಕುರುಡಾದರೆ ನಷ್ಟ ಕೊಂಡವರಿಗೂ ಆಗುತ್ತದೆ, ನೇಯ್ದವರಿಗೂ ಆಗುತ್ತದೆ.

ನೇಕಾರರ ಮನೆಗಳಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಮಗ ಮಗಳು ಓದಲೋ, ಮಗ್ಗಕ್ಕೆ ಇಳಿಯಲೋ? ಸೀರೆಯ ಚೆಲುವನ್ನು ಹೊಗಳುವ ನಮ್ಮಂಥವರು ಇಲ್ಲಿ ಎಚ್ಚರದಿಂದ ಮಾತಾಡಬೇಕು. ಕಲೆ ಉಳಿಯಲಿ ಎಂದು ಪರರ ಮಕ್ಕಳನ್ನು ಮಗ್ಗಕ್ಕೆ ಕಟ್ಟಿಹಾಕುವ ಹಕ್ಕು ನಮಗಿಲ್ಲ. ಆ ಮಗು ಶಾಲೆಗೆ ಹೋಗಲೇಬೇಕು, ಇಷ್ಟಬಂದದ್ದನ್ನು ಓದಬೇಕು. ಆದರೆ ಶಾಲೆಗೆ ಹೋದ ಮಗು ‘ನಮ್ಮಪ್ಪ ನೇಯುತ್ತಾನೆ’ ಎಂದು ಹೇಳಲು ನಾಚಿದರೆ, ಆ ನಾಚಿಕೆಯನ್ನು ಕಲಿಸಿದವರು ನಾವು. ರೇಖಾಗಣಿತದ ಗಂಟೆಯಲ್ಲಿ ಸಮಮಿತಿ ಕಲಿಸುವ ಮೇಷ್ಟ್ರು ಒಂದು ದಿನ ಅದೇ ತರಗತಿಯ ನೇಕಾರರ ಹುಡುಗನಿಗೆ, “ನಿಮ್ಮ ಮನೆಯಿಂದ ಒಂದು ಸೆರಗಿನ ತುಂಡು ತಾರಪ್ಪ” ಎಂದರೆ ಸಾಕು, ಅವನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ಪಾಠವೂ ಉಳಿದ ಮಕ್ಕಳ ತಲೆಗೆ ಹತ್ತುತ್ತದೆ.

ತಾಯಿತಂದೆಯರಿಗೆ ನನ್ನ ಸಲಹೆ ಖರ್ಚಿಲ್ಲದ್ದು. ಈ ರಜೆಯಲ್ಲಿ ಒಂದು ಚೌಕಳಿ ಹಾಳೆ, ಕೆಂಪು ಮತ್ತು ನೀಲಿ ಪೆನ್ಸಿಲು ಕೊಡಿ. ಚಿಕ್ಕದೊಂದು ತುಳಸಿಕಟ್ಟೆಯ ಚಿತ್ರ ಎಳೆದು, ಮೇಲಿನ ಹೊಲಿಗೆಗೆ ಕೆಂಪು, ಕೆಳಗಿನದಕ್ಕೆ ನೀಲಿ ಎಂದು ಗುರುತು ಹಾಕುತ್ತಾ, ಪೆನ್ಸಿಲು ಎತ್ತದೆ ದಾರಿ ಹುಡುಕಲಿ. ಎಲ್ಲ ಗೆರೆಗಳಿಗೂ ಒಂದು ಕೆಂಪು, ಒಂದು ನೀಲಿ ಬಿದ್ದು ಹೊರಟಲ್ಲಿಗೆ ಮರಳಿದರೆ ಗೆದ್ದಂತೆ. ಆಮೇಲೆ ದಪ್ಪ ಎಳೆಯ ಬಟ್ಟೆ, ಮೊಂಡು ಸೂಜಿ ಕೊಡಿ. ಗಂಡುಮಕ್ಕಳಿಗೂ ಕೊಡಿ. ಸೂಜಿಗೆ ಗಂಡು ಹೆಣ್ಣೆಂಬ ಭೇದ ಗೊತ್ತಿಲ್ಲ.

ಮನೆಯಲ್ಲಿ ಕಸೂತಿ ಬಲ್ಲ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕೂರಿಸಿ. “ಅಜ್ಜಿ, ಇದನ್ನ ಎಲ್ಲಿಂದ ಸುರು ಮಾಡ್ತಿ? ಎಲ್ಲಿಂದ ತಿರುಗ್ತಿ?” ಎಂದು ಮೊಮ್ಮಗಳು ಕೇಳಲಿ. ಬಹಳ ಕಾಲದಿಂದ ಯಾರೂ ಕೇಳದ ಪ್ರಶ್ನೆ ಅದು. ಅಜ್ಜಿ ಹೇಳಿದ್ದನ್ನು ಬರೆದಿಟ್ಟುಕೊಳ್ಳಲಿ, ಚಿತ್ರವನ್ನು ಹಾಳೆಗೆ ಇಳಿಸಿಕೊಳ್ಳಲಿ. ಕಸೂತಿಯ ದಾರಿಗಳು ಬಹುಪಾಲು ಯಾವ ಪುಸ್ತಕದಲ್ಲೂ ಇಲ್ಲ, ಬಲ್ಲವರ ಬೆರಳುಗಳಲ್ಲಿವೆ. ಆ ಬೆರಳುಗಳು ನಿಲ್ಲುವ ಮೊದಲು ಕೇಳಿಕೊಳ್ಳಬೇಕಾದವರು ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳು.